ಹೊಸ್ತಿಲಲ್ಲಿ ಬಿಟ್ಟ ಬೂಟು

ಆ ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳೋಣವೆಂದರೆ ನನ್ನ ನಾಲಿಗೆ ಹೊರಳುವುದಿಲ್ಲ. ಟಿಕೆಟ್ಟಿನ ಮೇಲೆ ಬರೆದಿದ್ದನ್ನು ಗಟ್ಟಿಯಾಗಿ ಓದಿದರೆ ಯಾರೋ ಸೀನಿದ ಹಾಗೆ ಕೇಳುತ್ತಿತ್ತು. ಕಡುಚಳಿಯಲ್ಲಿ ಹೋದೆವು, ಹಿಮ ನೋಡಬೇಕು ಅಂತ. ಹಿಮ ನೋಡಿದೆವು. ಅದರ ಜೊತೆಗೆ ನಾನು ಇನ್ನೊಂದನ್ನೂ ನೋಡಿದೆ, ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಹೋದವರು ನಾನು ಮತ್ತು ನನ್ನ ಸೊಸೆ ಕುಸುಮ. ಅವಳನ್ನು ಸೊಸೆ ಅನ್ನುವುದಕ್ಕೆ ನನಗೆ ಇನ್ನೊಂದೇ ತಿಂಗಳು ಉಳಿದಿತ್ತು. ನನ್ನ ಮಗ ಮಧುಸೂದನ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷವೂ ಅವಳು ಅರಸೀಕೆರೆಯಲ್ಲಿ ನನ್ನ ಜೊತೆಯೇ ಇದ್ದಳು. ಬ್ಯಾಂಕಿಗೆ ಹೋಗಿ ಬರುತ್ತಿದ್ದಳು, ರಾತ್ರಿ ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು, ಬೆಳಗಾದರೆ ನನ್ನ ಬಾಯಿಗೆ ಬಾಯಿ ಕೊಟ್ಟು ಜಗಳ ಆಡುತ್ತಿದ್ದಳು. ಕಡೂರಿನ ಪಶುವೈದ್ಯರೊಬ್ಬರು ಅವಳನ್ನು ಮದುವೆಗೆ ಕೇಳಿಕೊಂಡು ಬಂದಾಗ ನಾನು ಮೂರು ತಿಂಗಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅವಳು ಬಿಡಲಿಲ್ಲ. "ನಿಮ್ಮನ್ನ ಕೇಳ್ದೆ ಮಾಡ್ಕೊಳ್ಳಲ್ಲ ಅತ್ತೆ, ಆದ್ರೆ ಕೇಳೋದನ್ನ ನಿಲ್ಲಿಸೋದೂ ಇಲ್ಲ" ಅಂದಳು. ಕೊನೆಗೆ ನಾನೇ ಸೋತು ಆಗಲಿ ಅಂದೆ. ಮುಂದಿನ ತಿಂಗಳು ಹದಿನೆಂಟಕ್ಕೆ ಮದುವೆ ಗೊತ್ತಾಯಿತು. ಅದಕ್ಕೆ ಮುಂಚೆ ಇಬ್ಬರೇ ಎಲ್ಲಾದರೂ ದೂರ ಹೋಗಿ ಬರೋಣ ಅಂದವಳು ಅವಳೇ. ಬೀದಿಯವರೆಲ್ಲ ನನ್ನನ್ನು ದೊಡ್ಡ ಮನಸ್ಸಿನವರು ಅಂದರು, ನಾನೂ ನಂಬಿಕೊಂಡಿದ್ದೆ.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿದ್ದವಳು. ನೂರಿಪ್ಪತ್ತು ಹುಡುಗಿಯರ ಚಪ್ಪಲಿ ಬಾಗಿಲಾಚೆ ಸಾಲಾಗಿ ನಿಂತಿರಬೇಕು, ಒಂದು ವಕ್ರ ಬಿದ್ದಿದ್ದರೆ ಆ ಹುಡುಗಿಗೆ ಅವತ್ತು ಚಟ್ನಿ ಇಲ್ಲ. ಕಾಮಾಕ್ಷಮ್ಮ ಅಂದರೆ ಹುಡುಗಿಯರು ನಿದ್ದೆಯಲ್ಲೂ ಎದ್ದು ಕೂರುತ್ತಿದ್ದರು. ಆ ಕೆಲಸ ಬಿಟ್ಟು ಆರು ವರ್ಷವಾದರೂ ನಾಲಿಗೆ ಇನ್ನೂ ರಿಟೈರ್ ಆಗಿಲ್ಲ.

ವಿಮಾನ ಇಳಿದು ಬಸ್ಸು ಹತ್ತಿದಾಗ ಬೆಳಿಗ್ಗೆ ಹತ್ತು ಗಂಟೆ. ನಾವು ಒಟ್ಟು ಇಪ್ಪತ್ತೆರಡು ಜನ. ಟೂರ್ ಮ್ಯಾನೇಜರ್ ಕಿಶೋರ ಅನ್ನುವ ಹುಡುಗ ಮೈಕು ಹಿಡಿದುಕೊಂಡು ಹೇಳಿದ: "ನಮ್ಮ ಹೋಟೆಲ್ಲು ಹೊಳೆ ಆಚೆ ಇದೆ. ಈಗ ಹಳೇ ಊರು ನೋಡ್ಕೊಂಡು, ಇಲ್ಲಿನವರ ಮನೇಲಿ ಚಹಾ ಕುಡಿದು, ಮೂರೂವರೆಗೆ ಚೌಕದಲ್ಲಿ ಎಲ್ಲರೂ ಬಸ್ಸಿಗೆ ಬಂದುಬಿಡಿ. ಒಂದೇ ಒಂದು ವಿಷಯ. ಹಿಮ ಇರೋ ದಿನಗಳಲ್ಲಿ ಈ ಊರಲ್ಲಿ ಯಾರ ಮನೆಗೆ ಹೋದ್ರೂ ಶೂ ಬಿಚ್ಚಬೇಡಿ. ಇವರ ಪದ್ಧತಿ ಅದು." ಕಳ್ಳಕಾಕರ ಊರು ಇರಬೇಕು ಅಂತ ನಾನು ಕುಸುಮಳ ಕಿವಿಯಲ್ಲಿ ಅಂದೆ. ಅವಳು ನಕ್ಕಳು. ಮನೆಯೊಳಗೆ ಬೂಟು ಹಾಕಿಕೊಂಡು ಹೋಗುವ ಪದ್ಧತಿಯನ್ನು ಆ ಹುಡುಗನಿಂದ ನಾನು ಕಲಿಯಬೇಕಾಗಿರಲಿಲ್ಲ.

ಊರು ನೋಡುತ್ತ ನೋಡುತ್ತ ನನಗೆ ಅಸಹ್ಯವಾಯಿತು. ಒಬ್ಬ ಚಮ್ಮಾರ, ಹೆಂಗಸೊಬ್ಬಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಬೂಟು ಕಾಲಲ್ಲಿರುವ ಹಾಗೆಯೇ ಅದಕ್ಕೆ ಅಟ್ಟೆ ಹೊಲಿಯುತ್ತಿದ್ದ. ತೊಟ್ಟಿಲುಗಾಡಿಯಲ್ಲಿ ಮಲಗಿದ್ದ ಕೂಸಿಗೂ ಬೆರಳುದ್ದದ ಬೂಟು, ಅದನ್ನು ಕಾಲಿಗೆ ದಾರದಿಂದ ಕಟ್ಟಿದ್ದರು. ಒಂದು ಮನೆಯ ಕಿಟಕಿಯಲ್ಲಿ ಹಾಸಿಗೆ ಹಿಡಿದ ಮುದುಕನೊಬ್ಬ ಕಂಡ, ರಜಾಯಿಯ ಆಚೆ ತುದಿಯಲ್ಲಿ ಬೂಟು ಹಣಕಿ ಹಾಕುತ್ತಿತ್ತು. ಇನ್ನೊಂದು ಮನೆಯಲ್ಲಿ ಹೆಂಗಸು ಬಿಸಿನೀರಿನ ಬೋಗುಣಿಯಲ್ಲಿ ಒಂದು ಕಾಲು ಇಟ್ಟುಕೊಂಡು ಕೂತಿದ್ದಳು, ಇನ್ನೊಂದರಲ್ಲಿ ಬೂಟು ಹಾಗೇ ಇತ್ತು. ತೊಳೆದ ಕಾಲನ್ನು ಒರೆಸಿ, ಬೂಟು ಹಾಕಿ, ದಾರ ಕಟ್ಟಿದ ಮೇಲೆಯೇ ಇನ್ನೊಂದನ್ನು ಬಿಚ್ಚಿದಳು. "ನೋಡೇ, ಹೊಲಸು ಜನ" ಅಂದೆ. "ಅವರ ಊರು ಅವರಿಷ್ಟ ಅತ್ತೆ" ಅಂದಳು ಕುಸುಮ.

ಚಹಾಕ್ಕೆ ಒಂದೊಂದು ಮನೆಗೆ ಇಬ್ಬಿಬ್ಬರನ್ನು ಕಳಿಸಿದರು. ನಮ್ಮ ಪಾಲಿಗೆ ಬಂದದ್ದು ಚೌಕದ ಹಿಂದಿನ ಗಲ್ಲಿಯಲ್ಲಿ ನೀಲಿ ಬಾಗಿಲಿನ ಒಂದು ಸಣ್ಣ ಮನೆ. ಹೊಸ್ತಿಲ ಮೇಲೆ ಒಂದು ಗೇಣು ಹಿಮ. ಬಾಗಿಲು ತೆಗೆದವಳಿಗೆ ನಲವತ್ತು ಆಗಿರಬಹುದು, ಒಣಗಿದ ಮೈ, ತಲೆಗೆ ಕಂದು ಬಣ್ಣದ ವಸ್ತ್ರ. ಅವಳ ಹಿಂದೆ ಒಲೆಯ ಪಕ್ಕದಲ್ಲಿ ಅವಳ ತಾಯಿ ಇರಬೇಕು, ಬೆನ್ನು ಬಾಗಿದ ಮುದುಕಿ, ಚಹಾದ ಪಾತ್ರೆ ಹಿಡಿದು ನಿಂತಿದ್ದಳು. ಒಳಗೆ ತೊಳೆದು ಒರೆಸಿದ ಹಲಗೆಯ ನೆಲ ಫಳಫಳ ಹೊಳೆಯುತ್ತಿತ್ತು. ಕುಸುಮ ಕೆಸರು ಮೆತ್ತಿದ ಬೂಟುಗಾಲನ್ನು ಒಳಗಿಡಲು ಎತ್ತಿದಳು. ನನಗೆ ತಡೆಯಲಾಗಲಿಲ್ಲ.

"ಬುದ್ಧಿ ಇದೆಯೇನೇ ನಿಂಗೆ? ಅಷ್ಟು ಚೆನ್ನಾಗಿ ಒರೆಸಿದಾರೆ. ಬಿಚ್ಚು."

"ಅತ್ತೆ, ಕಿಶೋರ್ ಹೇಳಿದ್ರಲ್ಲ."

"ಕಿಶೋರ ನಿನ್ನ ಸಾಕಿದಾನಾ? ಬಿಚ್ಚು ಅಂದೆ."

ಅವಳು ನಿಟ್ಟುಸಿರು ಬಿಟ್ಟು ಬಗ್ಗಿ ದಾರ ಬಿಚ್ಚಿದಳು. ಎರಡೂ ಬೂಟನ್ನು ಹೊಸ್ತಿಲಲ್ಲಿ ಜೋಡಿಸಿಟ್ಟು ಕಾಲುಚೀಲದಲ್ಲೇ ಒಳಗೆ ಕಾಲಿಟ್ಟಳು. ಆಮೇಲೆ ತಿರುಗಿ, ನನ್ನ ಮಂಡಿ ಬಗ್ಗುವುದಿಲ್ಲವಲ್ಲ, ನನ್ನ ಬೂಟು ಬಿಚ್ಚಲು ಕೈ ಚಾಚಿದಳು. ಅಷ್ಟರಲ್ಲಿ ಆ ತಲೆವಸ್ತ್ರದವಳು ತನ್ನ ಹಳೆಯ ಬೂಟು ಒದ್ದು ತೆಗೆದು, ಕುಸುಮಳ ಬೂಟಿನಲ್ಲಿ ಕಾಲು ತೂರಿಸಿ, ನನ್ನನ್ನು ಸವರಿಕೊಂಡು ಆಚೆ ದಾಟಿದಳು. ಗಲ್ಲಿಯಲ್ಲಿ ನಾಲ್ಕು ಹೆಜ್ಜೆ ಮೆಲ್ಲಗೆ ಇಟ್ಟಳು, ಆಮೇಲೆ ಓಡಿದಳು. ಹಿಮದಲ್ಲಿ ಅಷ್ಟು ಜೋರಾಗಿ ಓಡುವ ಹೆಂಗಸನ್ನು ನಾನು ಕಂಡಿರಲಿಲ್ಲ.

"ಏ, ಏ, ಬೂಟು" ಅಂತ ಕೂಗಿದೆ. ಹಾಡಹಗಲಲ್ಲಿ, ಮನೆಯವಳೇ, ನೆಂಟರ ಬೂಟು ಕದ್ದು ಓಡುವುದು ಅಂದರೆ. "ಹಿಡಿಯೇ ಅವಳನ್ನ" ಅಂದೆ ಕುಸುಮಳಿಗೆ. ಕುಸುಮ ಆಚೆ ಬರಲು ಕಾಲೆತ್ತಿದಳು. ಕಾಲು ಹೊಸ್ತಿಲವರೆಗೆ ಬಂತು, ಅಲ್ಲೇ ನಿಂತಿತು. ಇನ್ನೊಂದು ಕಾಲು ಎತ್ತಿದಳು. ಅದೂ ಅಷ್ಟೆ. ಎದುರಿಗೆ ಏನೂ ಇರಲಿಲ್ಲ. ನಾನು ಅವಳ ರಟ್ಟೆ ಹಿಡಿದು ಎಳೆದೆ, ನನ್ನ ಕೈಯೇ ಸೋತಿತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. 

ಒಳಗಿದ್ದ ಮುದುಕಿ ಅಳಲಿಲ್ಲ, ಗಾಬರಿಯೂ ಆಗಲಿಲ್ಲ. ಚಹಾದ ಪಾತ್ರೆ ಕೆಳಗಿಟ್ಟು, ಮಗಳು ಒದ್ದುಬಿಟ್ಟಿದ್ದ ಹಳೆಯ ಬೂಟನ್ನು ಎತ್ತಿ ತಂದು ಕುಸುಮಳ ಕಾಲ ಹತ್ತಿರ ಇಟ್ಟಳು. ಗೋಡೆಯ ಮೊಳೆಯಿಂದ ಒಂದು ಏಪ್ರನ್ ತೆಗೆದು ಅವಳ ಕೊರಳಿಗೆ ಹಾಕಿದಳು. ಏನೇನೋ ಮಾತಾಡುತ್ತಲೇ ಇದ್ದಳು, ಮೆತ್ತಗಿನ ದನಿ. ನಾನು ಬಾಗಿಲಲ್ಲೇ ನಿಂತು ಕನ್ನಡದಲ್ಲಿ, ಬಂದಷ್ಟು ಇಂಗ್ಲಿಷಿನಲ್ಲಿ, ಪೊಲೀಸು ಗಿಲೀಸು ಅಂತೆಲ್ಲ ಬೈದೆ. ಕುಸುಮ ಕೈ ಅಡ್ಡ ಹಿಡಿದು ನನ್ನನ್ನು ಸುಮ್ಮನಿರಿಸಿದಳು. 

"ಅತ್ತೆ, ತಡೀರಿ. ಈ ಅಜ್ಜಿ ಹೇಳ್ತಿರೋದು ನಂಗೆ ಅರ್ಥ ಆಗ್ತಿದೆ."

"ಏನು ಅರ್ಥ ಆಗ್ತಿದೆ?"

"ಎಲ್ಲಾನೂ." ಅವಳು ಮುದುಕಿಯ ಮಾತು ಕೇಳಿ ಕೇಳಿ ನನಗೆ ಹೇಳಿದಳು, ಬ್ಯಾಂಕಿನಲ್ಲಿ ಗಿರಾಕಿಗೆ ನಿಯಮ ಹೇಳುವ ದನಿಯಲ್ಲಿ. "ಹೊಸ್ತಿಲಲ್ಲಿ ಹಿಮ ಇರುವಾಗ ಯಾರು ಬೂಟು ಬಿಟ್ಟು ಒಳಗೆ ಬರ್ತಾರೋ ಅವರು ಈ ಮನೆಯವರಂತೆ. ಆ ಬೂಟು ಹಾಕ್ಕೊಂಡು ಯಾರು ಹೋಗ್ತಾರೋ ಅವರು ಬಂದವರ ಜಾಗಕ್ಕೆ ಹೋಗ್ತಾರಂತೆ. ಇಲ್ಲದಿದ್ರೆ ಇಲ್ಲಿ ಹುಟ್ಟಿದವರಿಗೆ ಹೊಳೆ ದಾಟೋಕೆ ಆಗಲ್ವಂತೆ. ಹೋದವಳು ಇವರ ಮಗಳು ಮಿರೆನ್. ಇನ್ಮೇಲೆ ನಾನು ಮಿರೆನ್."

"ತಲೆಹರಟೆ. ನೀನು ಕುಸುಮ."

"ಹೌದು ಅತ್ತೆ. ಆದ್ರೆ ಸಂಜೆ ಹೊತ್ತಿಗೆ ಮರೆತುಹೋಗುತ್ತಂತೆ. ನೋವಾಗಲ್ಲ ಅಂತಾರೆ." ಆಮೇಲೆ ಅವಳ ದನಿ ಒಡೆಯಿತು. "ಅತ್ತೆ, ನಮ್ಮ ಬೀದಿ ಹೆಸರೇನು? ಈಗ ತಾನೇ ಬಾಯಲ್ಲಿತ್ತು."

 ಆ ಬೂಟು ತರಬೇಕು, ಆ ಹೆಂಗಸನ್ನು ಜುಟ್ಟು ಹಿಡಿದು ತರಬೇಕು, ಇಷ್ಟೇ ತಲೆಯಲ್ಲಿ ಇತ್ತು. ಹೋಗುತ್ತೇನೆ, ಬರುತ್ತೇನೆ, ಅಲ್ಲಾಡಬೇಡ ಅಂದೆ. ಅಲ್ಲಾಡಲಾಗದೆ ನಿಂತವಳಿಗೆ ಅಲ್ಲಾಡಬೇಡ ಅಂದ ನನ್ನ ಬುದ್ಧಿಗೆ ಏನನ್ನಬೇಕು. ಎದುರು ಮನೆಯವಳು ಕಿಟಕಿಯಿಂದ ನೋಡುತ್ತಿದ್ದಳು. ನನ್ನನ್ನು ಕಂಡು ತಲೆಬಾಗಿ, ಎದೆಯ ಮೇಲೆ ಕೈಯಿಟ್ಟುಕೊಂಡಳು, ಸಾವಿನ ಮನೆಯ ಮುಂದೆ ಹಾದುಹೋಗುವವರು ಮಾಡುವ ಹಾಗೆ.

ಚೌಕಕ್ಕೆ ಬಂದಾಗ ಮೂರೂಕಾಲು ಗಂಟೆ. ಬಸ್ಸಿನ ಬಾಗಿಲಲ್ಲಿ ಕಿಶೋರ ತಲೆ ಎಣಿಸುತ್ತಿದ್ದ. "ಕಿಶೋರ, ನಮ್ಮ ಕುಸುಮ ಇಲ್ಲ ಕಣಪ್ಪ, ಆ ಮನೆಯವಳು" ಅಂತ ನಾನು ಏದುಸಿರಲ್ಲಿ ಶುರುಮಾಡಿದೆ. ಅವನು ನಕ್ಕ. "ಎಲ್ಲಿ ಹೋಗ್ತಾರೆ ಅಮ್ಮ, ನಿಮ್ಮ ಸೀಟಿನಲ್ಲೇ ಕೂತಿದಾರೆ. ನೀವೇ ಕೊನೆ. ಇಪ್ಪತ್ತೆರಡು, ಸರಿ ಇದೆ." ನಾನು ಮೆಟ್ಟಿಲು ಹತ್ತಿ ಒಳಗೆ ನೋಡಿದೆ. ನಮ್ಮ ಸೀಟಿನಲ್ಲಿ, ಕಿಟಕಿಯ ಪಕ್ಕ, ಆ ತಲೆವಸ್ತ್ರದವಳು ಕೂತಿದ್ದಳು. ಹಿಂದಿನ ಸೀಟಿನ ತಿಪಟೂರಿನ ಗಂಡಹೆಂಡಿರು ಅವಳಿಗೆ ಕೋಡುಬಳೆ ಕೊಡುತ್ತಿದ್ದರು. "ತಗೊಳ್ಳಿ ಕುಸುಮ, ಇನ್ನೊಂದು" ಅನ್ನುತ್ತಿದ್ದರು.

ಅವಳು ನನ್ನನ್ನು ನೋಡಿ ಎದ್ದು ನಿಂತಳು. "ಅತ್ತೆ, ಎಲ್ಲಿ ಹೋಗಿದ್ರಿ? ಬನ್ನಿ, ಚಳಿ, ಕಿಟಕಿ ಹತ್ರ ನಾನು ಕೂರ್ತೀನಿ."

ಕನ್ನಡ. ನಮ್ಮ ಅರಸೀಕೆರೆಯ ಕನ್ನಡ, ಕುಸುಮಳದೇ ದನಿ, 'ಅತ್ತೆ' ಅನ್ನುವಾಗ ಕೊನೆಯಲ್ಲಿ ಅವಳು ಎಳೆಯುವ ಎಳೆತ ಕೂಡ. ಮುಖ ಮಾತ್ರ ಬೇರೆ.  ಜುಟ್ಟು ಹಿಡಿಯಬೇಕೆಂದು ಬಂದ ಕೈ ಸೀಟಿನ ಕಂಬಿ ಹಿಡಿದುಕೊಂಡಿತು. ಬಸ್ಸಿನವರಿಗೆಲ್ಲ ಅವಳು ಕುಸುಮಳಾಗಿಯೇ ಕಾಣುತ್ತಿದ್ದಳು. ಹುಚ್ಚಿಯ ಹಾಗೆ ಕೂಗಿ ಏನು ಪ್ರಯೋಜನ? ತಗ್ಗಿದ ದನಿಯಲ್ಲಿ, "ಬೂಟು ಕೊಡು" ಅಂದೆ.

"ಕೊಡಲ್ಲ ಅತ್ತೆ" ಅಂದಳು, ಅಷ್ಟೇ ತಗ್ಗಿದ ದನಿಯಲ್ಲಿ. "ಇಪ್ಪತ್ತೆರಡು ಚಳಿಗಾಲ ಆ ಬಾಗಿಲಲ್ಲಿ ನಿಂತಿದೀನಿ. ಎಷ್ಟು ಜನ ಬಂದ್ರು, ಚಹಾ ಕುಡಿದ್ರು, ಬೂಟು ಕಾಲಲ್ಲೇ ಹೋದ್ರು. ನಾನು ಯಾರಿಗೂ ಬಿಚ್ಚಿ ಅಂದವಳಲ್ಲ. ಇವತ್ತೂ ಅನ್ನಲಿಲ್ಲ. ನೀವು ಅಂದ್ರಿ."

ಕೆನ್ನೆಗೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಸೀಟಿನ ಅಂಚಿಗೆ ಒರಗಿದೆ. ಅವಳು ನನ್ನ ಕೈ ಹಿಡಿದಳು. "ಹೊಳೆ ದಾಟಿದ ಮೇಲೆ ನಿಮಗೂ ಈ ಮುಖ ಬೇರೆ ಅನ್ಸಲ್ಲ. ಸ್ವಲ್ಪ ಹೊತ್ತು ಸಹಿಸ್ಕೊಳ್ಳಿ. ನಂಗೆ ಎಲ್ಲಾ ಗೊತ್ತು ಅತ್ತೆ. ನಿಮ್ಮ ಮಂಡಿಗೆ ಯಾವ ಎಣ್ಣೆ ಅಂತ ಗೊತ್ತು. ಮಧು ಅವರ ಮೊದಲನೇ ತಿಥಿ ದಿನ ಎಲ್ಲರೂ ಹೋದ ಮೇಲೆ ನೀವು ಅಡುಗೆಮನೆ ಬಾಗಿಲು ಹಾಕ್ಕೊಂಡು ಅವರ ಟಿಫನ್ ಡಬ್ಬೀಲಿ ಊಟ ಮಾಡಿದ್ರಿ. ನಾನು ಕಿಟಕೀಲಿ ನೋಡ್ದೆ. ನಿಮಗೆ ನಾಚಿಕೆ ಆಗುತ್ತೆ ಅಂತ ಹೇಳಿರಲಿಲ್ಲ."

ಅದನ್ನು ಯಾರೂ ನೋಡಿಲ್ಲ ಅಂತ ನಾನು ಮೂರು ವರ್ಷದಿಂದ ಅಂದುಕೊಂಡಿದ್ದೆ. ಕುಸುಮಳಿಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದಳು ಅನ್ನುವುದನ್ನು ನಾನು ಈ ಪರಕೀಯಳ ಬಾಯಿಂದ ಕೇಳಬೇಕಾಯಿತು. ಕಣ್ಣಲ್ಲಿ ನೀರು ಬಂತು. ಆಗ ಅವಳು ಆ ಮಾತು ಹೇಳಿದಳು.

"ಆ ಕಡೂರಿನ ಮದುವೆ ಬೇಡ ಅತ್ತೆ. ಆ ಡಾಕ್ಟ್ರು ನಂಗೆ ಯಾರು? ಫೋನ್ ಮಾಡಿ ಬೇಡ ಅಂದುಬಿಡ್ತೀನಿ. ನಾನು ನಿಮ್ಮ ಹತ್ರಾನೇ ಇರ್ತೀನಿ, ನೀವಿರೋವರೆಗೂ."

ನಾನು ಕೂತೆ. ಇದನ್ನು ಸುತ್ತಿ ಬಳಸಿ ಹೇಳಿ ಏನಾಗಬೇಕು? ಆ ಮಾತು ಕಿವಿಗೆ ಬಿದ್ದದ್ದೇ ನನ್ನ ಮೈ ಸಡಿಲವಾಯಿತು, ನಾನು ಅವಳ ಪಕ್ಕದಲ್ಲಿ ಕೂತುಬಿಟ್ಟೆ. ಕಿಶೋರ ಬಾಗಿಲು ಹಾಕಿದ. ಬಸ್ಸು ಹೊರಟಿತು. ನಿಲ್ಲಿಸಿ ಅನ್ನಬೇಕು ಅಂತ ಬಾಯಿಗೆ ಬಂತು, ಅನ್ನಲಿಲ್ಲ. ಬೆಳಿಗ್ಗೆ ಎದ್ದರೆ ಮನೆಯಲ್ಲಿ ಇನ್ನೊಬ್ಬರ ಕಾಲಸಪ್ಪಳ ಇರುತ್ತದೆ, ಜ್ವರ ಬಂದರೆ ಗಂಜಿ ಕಾಯಿಸುವವರು ಇರುತ್ತಾರೆ, ಹದಿನೆಂಟನೇ ತಾರೀಖು ಬೇರೆ ದಿನಗಳ ಹಾಗೆಯೇ ಬಂದು ಹೋಗುತ್ತದೆ. ಹೊಳೆ ದಾಟಿದರೆ ಸಾಕು, ನಾನು ಮಾಡಿದ್ದು ನನಗೇ ಗೊತ್ತಾಗುವುದಿಲ್ಲ. ಇದೆಲ್ಲ ನನ್ನ ತಲೆಯಲ್ಲಿ ಓಡಿತು, ಆ ನೀಲಿ ಬಾಗಿಲಿನ ಒಳಗೆ ಒಂದು ಹೆಣ್ಣು ನನ್ನ ದಾರಿ ಕಾಯುತ್ತಿರುವಾಗ. ನನ್ನ ಬಗ್ಗೆ ನನಗೆ ಆದಷ್ಟು ಗಾಬರಿ ಆ ಊರಿನ ಬಗ್ಗೆಯೂ ಆಗಿರಲಿಲ್ಲ.

ಬಸ್ಸು ಸೇತುವೆಯ ಬಾಯಲ್ಲಿ ನಿಂತಿತು. ಮುಂದೆ ಹಿಮ ಸರಿಸುವ ಗಾಡಿ ದಾರಿ ಬಿಡಿಸುತ್ತಿತ್ತು. ನಾನು ಪಕ್ಕದವಳ ಕಡೆ ತಿರುಗಿ ಸುಮ್ಮನೆ ಒಂದು ಪರೀಕ್ಷೆ ಮಾಡಿದೆ. "ನಾಳೆಯಿಂದ ಬ್ಯಾಂಕಿನ ಕೆಲಸ ಬಿಟ್ಟುಬಿಡು ಅಂದ್ರೆ?" ಅಂದೆ. "ಬಿಡ್ತೀನಿ ಅತ್ತೆ" ಅಂದಳು. "ನಿನ್ನ ತೌರಿನವರ ಹತ್ರ ಮಾತಾಡಬೇಡ ಅಂದ್ರೆ?" "ಆಡಲ್ಲ ಅತ್ತೆ."  ನನ್ನ ಕುಸುಮ ಆಗಿದ್ದರೆ ಮೊದಲನೇ ಮಾತಿಗೇ ಬಸ್ಸು ಹಾರಿಹೋಗುವ ಹಾಗೆ ಜಗಳ ತೆಗೆದಿರುತ್ತಿದ್ದಳು. ನಾಲ್ಕು ವರ್ಷ ನನ್ನನ್ನು ಮನುಷ್ಯಳನ್ನಾಗಿ ಇಟ್ಟಿದ್ದು ಆ ಜಗಳ.

ಎದ್ದೆ. ಕಿಶೋರನಿಗೆ ಬಾಗಿಲು ತೆಗಿ ಅಂದೆ. "ಅಮ್ಮ, ಇಲ್ಲೆಲ್ಲ ಇಳಿಯೋ ಹಾಗಿಲ್ಲ" ಅಂತ ಏನೋ ಶುರುಮಾಡಿದ. ಹಾಸ್ಟೆಲ್ಲಿನ ದನಿಯಲ್ಲಿ ಇನ್ನೊಂದು ಸಲ ಅಂದೆ, ತೆಗೆದ. ಇಳಿದು ಬಂದ ದಾರಿಯಲ್ಲೇ ನಡೆಯತೊಡಗಿದೆ. ಹಿಂದೆ ತಿರುಗಿ ನೋಡಲಿಲ್ಲ. ದಾರಿಯಲ್ಲಿ ಹಿಮ ಗಾಜಿನ ಹಾಗೆ ಗಟ್ಟಿಯಾಗಿತ್ತು, ನನ್ನ ಮಂಡಿಯೋ ದೇವರಿಗೇ ಪ್ರೀತಿ. ಅವಳು ಬರುತ್ತಾಳೆ ಅಂತ ನನಗೆ ಗೊತ್ತಿತ್ತು. ಕುಸುಮಳ ಬೂಟಿನಲ್ಲಿ ಇರುವವಳು ಅತ್ತೆಯನ್ನು ಒಬ್ಬಳೇ ಹಿಮದಲ್ಲಿ ನಡೆಯಲು ಬಿಡಲಾರಳು. ಐವತ್ತು ಹೆಜ್ಜೆ ಆಗಿರಲಿಲ್ಲ, ಹಿಂದಿನಿಂದ ಓಡಿಬಂದು ನನ್ನ ರಟ್ಟೆ ಹಿಡಿದಳು.

"ಅತ್ತೆ, ಜಾರುತ್ತೆ. ಬಿದ್ರೆ ಮೂಳೆ ಮುರಿಯುತ್ತೆ. ವಾಪಸ್ ಬನ್ನಿ."

ನಾನು ನಡೆಯುತ್ತಲೇ ಇದ್ದೆ. ಅವಳು ನನ್ನನ್ನು ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಒಂದು ಕೈಯಲ್ಲಿ ನನ್ನ ರಟ್ಟೆ ಹಿಡಿದುಕೊಂಡು, ನುಣುಪಾದ ಜಾಗ ಬಂದಾಗ ತಾನು ಮುಂದೆ ಕಾಲಿಟ್ಟು ನೋಡಿಕೊಂಡು, ಉದ್ದಕ್ಕೂ ಬೇಡಿಕೊಂಡಳು. ಹೊಳೆ ಆಚೆಯ ಗುಡ್ಡವನ್ನು ಚಿಕ್ಕಂದಿನಿಂದ ಕಿಟಕಿಯಲ್ಲಿ ನೋಡಿದ್ದೇನೆ, ಅದರ ಹಿಂದೆ ಏನಿದೆ ಅಂತ ಒಂದು ಸಲ ನೋಡಬೇಕು ಅಂದಳು. ಒಂದು ವರ್ಷ ಇದ್ದು ಬರುತ್ತೇನೆ ಅಂದಳು. ಆಮೇಲೆ ಒಂದು ತಿಂಗಳು ಅಂದಳು. ಗಲ್ಲಿಯ ಮೂಲೆ ತಿರುಗುವಾಗ, ಇವತ್ತೊಂದು ದಿನ ಆದರೂ ಅಂದಳು. ನನಗೆ ಅಳು ಬಂತು. ಅತ್ತುಕೊಂಡೇ ನಡೆದೆ.

ನೀಲಿ ಬಾಗಿಲು ತೆರೆದೇ ಇತ್ತು. ಒಳಗೆ ಕುಸುಮ ತಲೆಗೆ ಅಂಥದೇ ಇನ್ನೊಂದು ಕಂದು ವಸ್ತ್ರ ಕಟ್ಟಿಕೊಂಡು, ಆ ಹಳೆಯ ಬೂಟು ಹಾಕಿಕೊಂಡು, ಮುದುಕಿಯ ತಲೆ ಬಾಚುತ್ತಿದ್ದಳು. "ಕುಸುಮ" ಅಂದೆ. ಬಾಗಿಲಿಗೆ ಬಂದಳು. ನನ್ನನ್ನು ನೋಡಿ ಮರ್ಯಾದೆಯ ನಗೆ ನಕ್ಕು, ಆ ಊರಿನ ಭಾಷೆಯಲ್ಲಿ ಏನೋ ಕೇಳಿ, ಒಳಗೆ ಚಹಾದ ಕಡೆ ಕೈ ತೋರಿಸಿದಳು.  ಬಸ್ಸಿನಲ್ಲಿ ನಾನು ಕೂತಿದ್ದ ಹೊತ್ತಿನಲ್ಲಿ ಅವಳು ನನ್ನನ್ನು ಮರೆತಿದ್ದಳು.

ನಾನು ಪಕ್ಕದಲ್ಲಿದ್ದವಳ ಕಡೆ ತಿರುಗಿದೆ. ನಾನು ಏನು ಹೇಳುತ್ತೇನೆ ಅಂತ ಅವಳಿಗೆ ಗೊತ್ತಾಗಿತ್ತು. ತಲೆ ಆಡಿಸಿದಳು. "ಅನ್ನಬೇಡಿ ಅತ್ತೆ" ಅಂದಳು. "ಬಸ್ಸಲ್ಲಿ ಕೊಡಲ್ಲ ಅಂದೆ, ಆದ್ರೆ ಈ ಹೊಸ್ತಿಲಲ್ಲಿ ನೀವು ಅಂದ್ರೆ ನಂಗೆ ತಡ್ಕೊಳ್ಳೋಕೆ ಆಗಲ್ಲ. ದಯವಿಟ್ಟು ಅನ್ನಬೇಡಿ."

"ಬಿಚ್ಚು" ಅಂದೆ.

ಅವಳ ಕಣ್ಣು ನನ್ನನ್ನೇ ನೋಡುತ್ತಿತ್ತು. ಕೈ ಮಾತ್ರ ಕೆಳಗೆ ಹೋಯಿತು, ದಾರ ಹುಡುಕಿ ಎಳೆಯಿತು. ಎರಡು ಬೂಟನ್ನೂ ಹೊಸ್ತಿಲಲ್ಲಿ ಜೋಡಿಸಿಟ್ಟು ಒಳಗೆ ಕಾಲಿಟ್ಟಳು. ನಾನು ಮಂಡಿಯೂರಿ ಕೂತೆ. ಆರು ವರ್ಷದಿಂದ ಬಗ್ಗದ ಮಂಡಿ ಹೇಗೆ ಬಗ್ಗಿತೋ ಗೊತ್ತಿಲ್ಲ, ನೋವಿಗೆ ಕಿರುಚಿದೆ. ಕುಸುಮಳ ಕಾಲಿನಿಂದ ಆ ಹಳೆಯ ಬೂಟು ಕಿತ್ತು ಎಸೆದು, ಅವಳದೇ ಬೂಟಿನೊಳಗೆ ಒಂದೊಂದಾಗಿ ಕಾಲು ತುರುಕಿ, ಸೊಂಟ ಹಿಡಿದು ಆಚೆಗೆ ಎಳೆದೆ. ಹಿಮದ ಮೇಲೆ ಇಬ್ಬರೂ ಬಿದ್ದೆವು. ಅವಳು ಕಣ್ಣು ಪಿಳಿಪಿಳಿ ಬಿಟ್ಟು, "ಸುಭಾಷ್‌ನಗರ ಎರಡನೇ ಅಡ್ಡರಸ್ತೆ" ಅಂದಳು.

ಒಳಗೆ ಮಿರೆನ್ ಕಾಲುಚೀಲದಲ್ಲಿ ನಿಂತಿದ್ದಳು. ಮುದುಕಿ ಎದ್ದು ಬಂದು ಮಗಳ ಮುಖವನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಮಿರೆನ್ ತಾಯಿಯ ಭುಜದ ಮೇಲಿಂದ ನನ್ನನ್ನು ನೋಡಿ ಏನೋ ಒಂದು ಮಾತು ಅಂದಳು, ಅವಳ ಭಾಷೆಯಲ್ಲಿ. ನನಗೆ ಅರ್ಥವಾಗಲಿಲ್ಲ. ಕುಸುಮಳಿಗೂ ಆ ಭಾಷೆ ಅಷ್ಟರಲ್ಲಿ ಮರೆತುಹೋಗಿತ್ತು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಸೇತುವೆಯವರೆಗೆ ಇಬ್ಬರೂ ನಡೆದೆವು. ಕುಸುಮ ನನ್ನ ರಟ್ಟೆ ಹಿಡಿದಿದ್ದಳು. ಬಸ್ಸಿನಲ್ಲಿ ಕಿಶೋರ ಗೊಣಗಿದ, ತಿಪಟೂರಿನವರು ಅತ್ತೆ ಸೊಸೆಗೆ ಏನೋ ಮುನಿಸು ಅಂದುಕೊಂಡು ಬೇರೆ ಕಡೆ ನೋಡಿದರು. ಬಸ್ಸು ಸೇತುವೆ ಏರಿತು. ಆಗ ಅವಳು ಕೇಳಿದಳು.

"ಅತ್ತೆ, ಬಸ್ಸು ಚೌಕದಲ್ಲಿ ತಾನೇ ನಿಂತಿದ್ದದ್ದು? ಇಲ್ಲಿಗೆ ಹೇಗೆ ಬಂತು?"

ಅವಳು ಲೆಕ್ಕದಲ್ಲಿ ಚುರುಕು. ನಾನು ಇಲ್ಲದೆ ಬಸ್ಸು ಹೊರಟಿತು ಅಂತ ಸುಳ್ಳು ಹೇಳಬಹುದಿತ್ತು. ಕಿಶೋರನೂ ಹೌದು ಅನ್ನುತ್ತಿದ್ದನೋ ಏನೋ. ನಾನು ಹೇಳಲಿಲ್ಲ. "ನಾನೂ ಅದರಲ್ಲಿ ಕೂತಿದ್ದೆ" ಅಂದೆ. "ಅವಳು ನಿನ್ನ ಮದುವೆ ಬೇಡ ಅಂದಳು. ನನ್ನ ಹತ್ರಾನೇ ಇರ್ತೀನಿ ಅಂದಳು. ಅದಕ್ಕೆ ಕೂತೆ."

 ಕುಸುಮ ಜಗಳ ತೆಗೆಯುತ್ತಾಳೆ ಅಂತ ಕಾದೆ. ಬೈದರೆ ಬೈಸಿಕೊಳ್ಳಲು ನಾನು ಸಿದ್ಧವಾಗಿದ್ದೆ, ಬೈಯಲಿ ಅಂತ ಬೇಡಿಕೊಳ್ಳುತ್ತಿದ್ದೆ. ಅವಳು ಕಿಟಕಿಯ ಆಚೆ ಹೊಳೆಯನ್ನೇ ನೋಡುತ್ತಿದ್ದಳು. ಆಮೇಲೆ, ಸಿಟ್ಟಿಲ್ಲದ ದನಿಯಲ್ಲಿ, "ಮದುವೆಗೆ ನೀವು ಬರ್ಬೇಡಿ ಅತ್ತೆ" ಅಂದಳು.

"ಆಗಲಿ" ಅಂದೆ.

ಬಸ್ಸು ಸೇತುವೆ ಇಳಿದು ಹೋಟೆಲ್ಲಿನ ಮುಂದೆ ನಿಂತಿತು. ಅವಳು ಮೊದಲು ಇಳಿದು, ನನ್ನನ್ನು ಇಳಿಸಿಕೊಳ್ಳಲು ಕೈ ಚಾಚಿದಳು. ನಮ್ಮದು ಏಳು ದಿನದ ಪ್ರವಾಸ. ಇನ್ನೂ ಆರು ದಿನ ಇಬ್ಬರಿಗೂ ಒಂದೇ ರೂಮು.